ಉಪವಾಸ ಹದಿನಾರು ಗಂಟೆ, ಸುಸ್ತು ಇಪ್ಪತ್ತನಾಲ್ಕು ಗಂಟೆ

ಪ್ರಶ್ನೆ: ನನಗೆ 38 ವರ್ಷ. ಮನೆ ವಿಜಯನಗರ, ಕೆಲಸ ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಎತ್ತರ 157 ಸೆಂ.ಮೀ., ತೂಕ 71 ಕೆ.ಜಿ. ಇತ್ತು. ಸಸ್ಯಾಹಾರಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೋದ ವರ್ಷ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 5.9 ಬಂದಿತ್ತು. ಸದಾ ಸುಸ್ತು. ನಮ್ಮ ಟೀಮ್‌ನಲ್ಲಿ ಒಬ್ಬರು ಇಂಟರ್ಮಿಟೆಂಟ್ ಫಾಸ್ಟಿಂಗ್ ಮಾಡಿ 8 ಕೆ.ಜಿ. ಇಳಿಸಿದರು, ಎನರ್ಜಿಯೂ ಜಾಸ್ತಿ ಆಯಿತಂತೆ. ಅದಕ್ಕೇ ನಾನೂ 7 ವಾರದಿಂದ 16:8 ಮಾಡುತ್ತಿದ್ದೇನೆ. ಮಧ್ಯಾಹ್ನ 1ರಿಂದ ರಾತ್ರಿ 9ರವರೆಗೆ ಮಾತ್ರ ತಿನ್ನುವುದು. ಬೆಳಗ್ಗೆ ಆರೂವರೆಗೆ ಮಾತ್ರೆ, ಅದರ ಹಿಂದೆಯೇ ಒಂದು ಲೋಟ ಕಾಫಿ, ಅಷ್ಟೇ. ಆಫೀಸಿನ ಎರಡು ಕಾಫಿ ಬಿಟ್ಟೆ. ಮೊದಲ ವಾರ ತಲೆ ಸಿಡಿದು ಹೋಯಿತು. ಎರಡು ವಾರದಲ್ಲಿ 2 ಕೆ.ಜಿ. ಇಳಿಯಿತು, ಆಮೇಲೆ ಅಲ್ಲೇ ನಿಂತಿದೆ. ಸಂಜೆ ಐದಕ್ಕೆ ಸಿಕ್ಕಿದ್ದೆಲ್ಲ ತಿಂದುಬಿಡುತ್ತೇನೆ. ಎದೆ ಉರಿ ಶುರುವಾಗಿದೆ. ಈ ತಿಂಗಳು ಮುಟ್ಟು 12 ದಿನ ತಡ. ರಾತ್ರಿ ಅಮೆರಿಕದವರ ಜೊತೆ ಕಾಲ್ ಇರುತ್ತದೆ, ಮಲಗುವಾಗ ಹನ್ನೆರಡೂಕಾಲು, ಏಳುವುದು ಆರಕ್ಕೆ. ಸುಸ್ತು ಹಾಗೇ ಇದೆ. ನನ್ನ ಪ್ಲ್ಯಾನ್‌ನಲ್ಲಿ ಏನು ತಪ್ಪಾಗುತ್ತಿದೆ? 18 ಗಂಟೆ ಮಾಡಿದರೆ ಸರಿ ಹೋಗುತ್ತದಾ? ಹಾಗೇ ಇನ್ನೊಂದು: ನಮ್ಮ ಅಮ್ಮನೂ (64 ವರ್ಷ, ಶುಗರ್ ಮತ್ತು ಬಿಪಿ ಇದೆ) ನನ್ನ ಜೊತೆ ಶುರು ಮಾಡಿದ್ದಾರೆ. ಎರಡು ಸಲ ಹನ್ನೊಂದು ಗಂಟೆ ಹೊತ್ತಿಗೆ ಮೈ ಬೆವರಿ ಕೈ ನಡುಗಿತಂತೆ. ಡಿಟಾಕ್ಸ್ ಆಗುತ್ತಿದೆ ಅಂದುಕೊಂಡಿದ್ದಾರೆ.

ಉತ್ತರ: ನಿಮ್ಮ ವಿಷಯ ಆಮೇಲೆ. ಮೊದಲು ಅಮ್ಮನದು. ನೀವು ಕೊನೆಗೆ "ಹಾಗೇ ಇನ್ನೊಂದು" ಅಂತ ಸೇರಿಸಿದ ಆ ನಾಲ್ಕು ಸಾಲೇ ಈ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು.

ಅದು ಡಿಟಾಕ್ಸ್ ಅಲ್ಲ. ಲೋ ಶುಗರ್ ಇರುವ ಸಾಧ್ಯತೆಯೇ ಹೆಚ್ಚು. ಅಮ್ಮನ ಶುಗರ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ. ಅದರಲ್ಲಿ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಅಂತ ಇದ್ದರೆ ಕಾರಣ ಸಿಕ್ಕಿದ ಹಾಗೆ. ಈ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಒತ್ತಾಯ ಮಾಡಿ ಇನ್ಸುಲಿನ್ ಬಿಡಿಸುತ್ತವೆ. ಹೊಟ್ಟೆಯಲ್ಲಿ ಇಡ್ಲಿ ಇದೆಯೋ ಇಲ್ಲವೋ ಅಂತ ಅವು ನೋಡುವುದಿಲ್ಲ. ಬೆಳಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ಒಂದರವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ ಬೀಳುತ್ತದೆ. ಬೆವರು, ನಡುಕ, ಎದೆ ಡವಡವ, ಮಾತು ತೊದಲುವುದು, ಕೊನೆಗೆ ಎಚ್ಚರ ತಪ್ಪುವುದು. ಬಿಪಿಗೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಇದ್ದರೆ ಇನ್ನೂ ಕಷ್ಟ. ನಡುಕ, ಎದೆಬಡಿತದ ಸೂಚನೆಗಳನ್ನು ಅದು ಮುಚ್ಚಿಹಾಕುತ್ತದೆ, ಬರೀ ಬೆವರಷ್ಟೇ ಕಾಣುತ್ತದೆ.

ನಾಳೆ ಬೆಳಗ್ಗೆಯಿಂದಲೇ ಅಮ್ಮ ಮೊದಲಿನಂತೆ ತಿಂಡಿ ತಿನ್ನಲಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ. ಮತ್ತೆ ಬೆವರಿದರೆ ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆಯಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಇನ್ನೊಂದು ಗುಂಪಿನ ಮಾತ್ರೆಗಳಿವೆ, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಇವನ್ನು ತೆಗೆದುಕೊಳ್ಳುವವರು ದೀರ್ಘ ಉಪವಾಸ ಮಾಡಿದರೆ, ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಏರದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಅಪರೂಪ, ಆದರೆ ಆಸ್ಪತ್ರೆಗೆ ಸೇರಿಸುವಂಥದ್ದು. ಬರೀ ಮೆಟ್‌ಫಾರ್ಮಿನ್ ಆದರೆ ಈ ಭಯ ಕಡಿಮೆ.

ಈ ವಿಷಯದಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಆಹಾರ ಸಲಹೆಯ ಕೆಲಸ ಶುರು ಮಾಡಿದ ಹೊಸತು. ಐವತ್ತು ದಾಟಿದ ಒಬ್ಬರನ್ನು "ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ?" ಅಂತ ಕೇಳಿದೆ. ಇಲ್ಲ ಅಂದರು. ರಾತ್ರಿ ಊಟ ಹಗುರ ಮಾಡಿ ಅಂತ ಹೇಳಿ ಕಳಿಸಿದೆ. ವಾರದ ನಂತರ ಅವರ ಹೆಂಡತಿ ಫೋನ್ ಮಾಡಿ, ರಾತ್ರಿ ಎದ್ದು ಗೊಂದಲದಲ್ಲಿ ಏನೇನೋ ಮಾತಾಡಿದರು ಅಂದರು. ಶುಗರ್ ಮಾತ್ರೆ ಎರಡು ಹೊತ್ತೂ ನುಂಗುತ್ತಿದ್ದರಂತೆ. ಆಮೇಲೆ ಅವರನ್ನೇ ಕೇಳಿದರೆ, "ಅದು ಮಾತ್ರೆ ಅಲ್ವಾ ಮೇಡಂ, ಔಷಧಿ ಅಂದರೆ ಬಾಟಲಿದು ಅಂದುಕೊಂಡೆ" ಅಂದರು. ಅವತ್ತಿನಿಂದ ನಾನು ಬಾಯಿಮಾತು ಕೇಳುವುದಿಲ್ಲ, ಸ್ಟ್ರಿಪ್ ತಂದು ತೋರಿಸಿ ಅನ್ನುತ್ತೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮುಟ್ಟು 12 ದಿನ ತಡ ಅಂದಿದ್ದೀರಿ. ಮೊದಲು ಮೆಡಿಕಲ್ ಶಾಪಿನಿಂದ ಪ್ರೆಗ್ನೆನ್ಸಿ ಕಿಟ್ ತಂದು ನೋಡಿಬಿಡಿ. ಗರ್ಭಿಣಿಯಾಗಿದ್ದರೆ ಉಪವಾಸದ ಮಾತು ಇಲ್ಲಿಗೇ ಮುಗಿಯಿತು, ಥೈರಾಯ್ಡ್ ಡೋಸ್ ಬಗ್ಗೆ ತಕ್ಷಣ ಡಾಕ್ಟರನ್ನು ಕಾಣಬೇಕು. ಅಲ್ಲ ಅಂತಾದರೆ, ಊಟ ಏಕಾಏಕಿ ಕಡಿಮೆಯಾದದ್ದು, ನಿದ್ದೆಗೇಡು, ಥೈರಾಯ್ಡ್ ಏರುಪೇರು, ಯಾವುದರಿಂದ ಬೇಕಾದರೂ ಮುಟ್ಟು ಹಿಂದೆ ಮುಂದೆ ಆಗಬಹುದು.

ಏನು ತಪ್ಪಾಗುತ್ತಿದೆ ಅಂತ ಕೇಳಿದ್ದೀರಿ. ನನಗೆ ಕಾಣುವುದು ಇದು: ನೀವು ಉಪವಾಸ ಹಾಕಿಕೊಂಡಿರುವುದು ದಿನದ ತಪ್ಪು ತುದಿಯಲ್ಲಿ. ಜೊತೆಗೆ, ಉಪವಾಸದಿಂದ ಹೋಗದ ಸುಸ್ತಿಗೆ ಉಪವಾಸದ ಮದ್ದು ಮಾಡುತ್ತಿದ್ದೀರಿ.

ನಮ್ಮ ದೇಹ ಬೆಳಗಿನ ಹೊತ್ತು ಸಕ್ಕರೆಯನ್ನು ಚೆನ್ನಾಗಿ ನಿಭಾಯಿಸುತ್ತದೆ. ಕತ್ತಲಾದಂತೆ ಮೆದುಳು ಮೆಲಟೋನಿನ್ ಬಿಡುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಅದೇ ಎರಡು ಚಪಾತಿ, ಅದೇ ಪಲ್ಯ. ಬೆಳಗ್ಗೆ ತಿಂದರೆ ಏರುವುದಕ್ಕಿಂತ ರಾತ್ರಿ ಒಂಬತ್ತಕ್ಕೆ ತಿಂದರೆ ಶುಗರ್ ಜಾಸ್ತಿ ಏರುತ್ತದೆ. ನೀವು ಮಾಡಿರುವುದೇನು? ದೇಹ ಚುರುಕಾಗಿರುವಾಗ ಅಡುಗೆಮನೆಗೆ ಬೀಗ, ಅದು ಮಲಗಲು ಹೊರಟಾಗ ದೊಡ್ಡ ಊಟ. 2018ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 8 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಐದು ವಾರ ಅವರು ಮಧ್ಯಾಹ್ನ ಮೂರರೊಳಗೆ ದಿನದ ಊಟವನ್ನೆಲ್ಲ ಮುಗಿಸುತ್ತಿದ್ದರು. ತೂಕ ಇಳಿಯದಂತೆ ನೋಡಿಕೊಂಡಿದ್ದರೂ ಇನ್ಸುಲಿನ್ ಕೆಲಸ ಸುಧಾರಿಸಿತು, ಬಿಪಿಯೂ ಇಳಿಯಿತು. ಎಂಟೇ ಜನ, ಚಿಕ್ಕ ಪ್ರಯೋಗ, ಹಾಗಾಗಿ ಅದನ್ನು ತಲೆ ಮೇಲೆ ಹೊತ್ತು ಮೆರೆಸುವುದು ಬೇಡ. ಆದರೆ ದಿಕ್ಕು ತೋರಿಸುತ್ತದೆ.

ನಿಮ್ಮ ಕ್ರಮಕ್ಕೆ ತುಂಬ ಹತ್ತಿರದ್ದು 2020ರ ಇನ್ನೊಂದು ಅಧ್ಯಯನ. 116 ಜನ, 12 ವಾರ. ಒಂದು ಗುಂಪು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿಂದಿತು, ಇನ್ನೊಂದು ಗುಂಪು ಮಾಮೂಲಿ ಮೂರು ಹೊತ್ತು. ಮೊದಲ ಗುಂಪು ಸುಮಾರು ಒಂದು ಕೆ.ಜಿ. ಇಳಿಸಿತು ನಿಜ, ಆದರೆ ಇನ್ನೊಂದು ಗುಂಪಿಗೆ ಹೋಲಿಸಿದರೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇರಲಿಲ್ಲ. ಇಳಿದದ್ದರಲ್ಲೂ ಕೊಬ್ಬಿಗಿಂತ ಮಾಂಸಖಂಡವೇ ಹೆಚ್ಚು ಕರಗಿದ ಲಕ್ಷಣ ಇತ್ತು. 2022ರಲ್ಲಿ ಚೀನಾದ ಗುವಾಂಗ್‌ಝೌನಿಂದ ಒಂದು ವರ್ಷದ ಅಧ್ಯಯನ ಬಂತು. 139 ಜನರಿಗೂ ಕ್ಯಾಲೊರಿ ಮಿತಿ ಒಂದೇ. ಅರ್ಧದಷ್ಟು ಜನ ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಊಟ ಮುಗಿಸಿದರು, ಉಳಿದವರಿಗೆ ಗಂಟೆಯ ಕಟ್ಟು ಇರಲಿಲ್ಲ. ಮೊದಲಿನವರು 8 ಕೆ.ಜಿ. ಇಳಿಸಿದರೆ ಉಳಿದವರು 6.3. ಈ ಅಂತರವೂ ಖಚಿತ ಅನ್ನುವಷ್ಟು ದೊಡ್ಡದಾಗಿರಲಿಲ್ಲ. ನಿಮ್ಮ ಸಹೋದ್ಯೋಗಿ 8 ಕೆ.ಜಿ. ಇಳಿಸಿದ್ದು ಸುಳ್ಳಲ್ಲ. ಎಂಟೇ ಗಂಟೆ ತಿಂದಾಗ ಕೆಲವರು ತಮಗೇ ಗೊತ್ತಿಲ್ಲದೆ ಕಡಿಮೆ ತಿನ್ನುತ್ತಾರೆ, ಅದಕ್ಕೆ ಇಳಿಯುತ್ತಾರೆ. ನೀವು ಸಂಜೆ ಐದಕ್ಕೆ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಲೆಕ್ಕ ಸರಿ ಮಾಡಿಬಿಡುತ್ತಿದ್ದೀರಿ, ಅಷ್ಟೇ.

ಹಾಗಾದರೆ ಮೊದಲ 2 ಕೆ.ಜಿ.? ಅದರಲ್ಲಿ ಬಹುಪಾಲು ನೀರು. ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ದಾಸ್ತಾನು ಖರ್ಚಾದರೆ ನೀರೂ ಹೋಗುತ್ತದೆ, ತಕ್ಕಡಿ ಖುಷಿ ಕೊಡುತ್ತದೆ. ಆಮೇಲೆ ನಿಲ್ಲುತ್ತದೆ.

ಮೊದಲ ವಾರದ ತಲೆನೋವು ಹಸಿವಿನದು ಅಂತ ನನಗೆ ಅನಿಸುವುದಿಲ್ಲ. ಮೂರು ಕಾಫಿ ಕುಡಿಯುತ್ತಿದ್ದವರು ಒಂದಕ್ಕೆ ಇಳಿದಿರಿ. ಕೆಫೀನ್ ಬಿಟ್ಟವರಿಗೆ ಒಂದೆರಡು ದಿನದಲ್ಲಿ ತಲೆ ಸಿಡಿಯುತ್ತದೆ, ವಾರದ ಆಸುಪಾಸಿನಲ್ಲಿ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಇದನ್ನೇ "ವಿಷ ಹೊರಗೆ ಹೋಗುತ್ತಿದೆ" ಅಂತ ನಂಬಿಕೊಂಡು ಸಂಭ್ರಮಪಡುತ್ತಾರೆ.

ಕಾಫಿ ಅಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. ಹಾಲು, ಎರಡು ಚಮಚ ಸಕ್ಕರೆ ಹಾಕಿದ ಒಂದು ಲೋಟ ಫಿಲ್ಟರ್ ಕಾಫಿ ಹತ್ತಿರ ಹತ್ತಿರ 100 ಕ್ಯಾಲೊರಿ. ಅದು ಉಪವಾಸ ಮುರಿಯುತ್ತದೆ. ವಿಡಿಯೊಗಳಲ್ಲಿ "ಕಾಫಿ ಕುಡಿಯಬಹುದು" ಅನ್ನುವವರು ಹೇಳುತ್ತಿರುವುದು ಹಾಲಿಲ್ಲದ, ಸಕ್ಕರೆಯಿಲ್ಲದ ಡಿಕಾಕ್ಷನ್ ಬಗ್ಗೆ. ಖಾಲಿ ಹೊಟ್ಟೆಗೆ ಅದನ್ನು ಹೊಯ್ದರೆ ನಿಮ್ಮ ಎದೆ ಉರಿಗೆ ತುಪ್ಪ ಸುರಿದಂತೆ. ನಿಮ್ಮ ಕಾಫಿಯ ದೊಡ್ಡ ತೊಂದರೆ ಕ್ಯಾಲೊರಿ ಅಲ್ಲ, ಥೈರಾಯ್ಡ್ ಮಾತ್ರೆ. ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಬರೀ ನೀರಲ್ಲಿ ನುಂಗಿ, ಕಾಫಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ. ಎಷ್ಟು ವರ್ಷದಿಂದ ಹೀಗೆ ಕುಡಿಯುತ್ತಿದ್ದೀರೋ! ನಿಮ್ಮ ಸುಸ್ತಿನ ಒಂದು ಪಾಲು ಆ ಲೋಟದೊಳಗೇ ಇರಬಹುದು.

ಸುಸ್ತಿನ ಉಳಿದ ಪಾಲನ್ನು ಲ್ಯಾಬ್‌ನಲ್ಲಿ ಹುಡುಕಬೇಕು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಫೆರಿಟಿನ್, ಬಿ12 ಮಾಡಿಸಿ, ಜೊತೆಗೆ ಎಚ್‌ಬಿಎ1ಸಿ ಇನ್ನೊಮ್ಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ತಳ ಕಂಡಿರುವವರು ಇನ್ನೆಷ್ಟೋ, ಅದಕ್ಕೇ ಫೆರಿಟಿನ್ ಕೇಳಿದ್ದು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ತೀರಾ ಸಾಮಾನ್ಯ. ನನ್ನ ಬಳಿ "ಎನರ್ಜಿಗೆ ಫಾಸ್ಟಿಂಗ್ ಮಾಡ್ಲಾ?" ಅಂತ ಬರುವ ಹೆಂಗಸರಲ್ಲಿ ಅನೇಕರಿಗೆ ಬೇಕಾಗಿದ್ದು ಇಂಥ ಕೊರತೆಯ ಚಿಕಿತ್ಸೆ. ಇನ್ನು, ಆರು ಗಂಟೆಯೂ ಇಲ್ಲದ ನಿಮ್ಮ ನಿದ್ದೆ. ನಿದ್ದೆ ಕಮ್ಮಿಯಾದರೆ ಮಾರನೇ ದಿನ ಹಸಿವು ಹೆಚ್ಚು, ಅದರಲ್ಲೂ ಸಿಹಿ, ಕರಿದದ್ದರ ಮೇಲೆ ಆಸೆ. ಸಂಜೆ ಐದರ ಬಜ್ಜಿ ಬರೀ ಮನಸ್ಸಿನ ದೌರ್ಬಲ್ಯ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

18 ಗಂಟೆ ಬೇಡ. "ಹದಿನಾರನೇ ಗಂಟೆಗೆ ಆಟೋಫೇಜಿ ಶುರು, ಹದಿನೆಂಟಕ್ಕೆ ಜೋರು" ಅನ್ನುವ ಪಟ್ಟಿ ನೀವೂ ನೋಡಿರುತ್ತೀರಿ. ಜೀವಕೋಶ ತನ್ನೊಳಗಿನ ಹಳೇ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುವ ಕೆಲಸಕ್ಕೆ ಆ ಹೆಸರು. ಅದು ಹೇಗೆ ನಡೆಯುತ್ತದೆ ಅಂತ ತೋರಿಸಿದ್ದಕ್ಕೆ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಅವರು ಕೆಲಸ ಮಾಡಿದ್ದು ಯೀಸ್ಟ್ ಮೇಲೆ. ಮನುಷ್ಯರಲ್ಲಿ ಇಷ್ಟನೇ ಗಂಟೆಗೆ ಬೆಲ್ ಹೊಡೆಯುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಇದರ ಉಲ್ಟಾ ಭಯವೂ ಬೇಡ. 2024ರಲ್ಲಿ "ಎಂಟು ಗಂಟೆಯೊಳಗೆ ತಿನ್ನುವವರಿಗೆ ಹೃದ್ರೋಗದಿಂದ ಸಾಯುವ ಅಪಾಯ 91% ಜಾಸ್ತಿ" ಅಂತ ಸುದ್ದಿ ಹರಿದಾಡಿತ್ತು. ಅದು ಸುಮಾರು 20,000 ಅಮೆರಿಕನ್ನರು ಎರಡು ದಿನ ಏನು ತಿಂದೆವು ಅಂತ ನೆನಪಿನಿಂದ ಹೇಳಿದ್ದನ್ನು ಆಧರಿಸಿದ ಲೆಕ್ಕ. ಯಾಕೆ ಅವರು ಅಷ್ಟೇ ಹೊತ್ತು ತಿಂದರು? ಕಾಯಿಲೆಯೋ, ಒಂಟಿತನವೋ, ಬಿಡುವಿಲ್ಲದ ಕೆಲಸವೋ? ಅದು ಆ ಲೆಕ್ಕದಿಂದ ಗೊತ್ತಾಗುವುದಿಲ್ಲ.

ನಮ್ಮ ಹಿರಿಯರೂ ಇಲ್ಲಿ ಸಾಕ್ಷಿಗೆ ಬರುತ್ತಾರೆ: ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ. ಗಾದೆ ಚೆನ್ನಾಗಿದೆ. ಆದರೆ ಅದನ್ನು ಕಟ್ಟಿದವರ ಕಾಲದಲ್ಲಿ ರಾತ್ರಿ ಹತ್ತೂವರೆಗೆ ಬಾಗಿಲಿಗೆ ಊಟ ತರುವ ಹುಡುಗ ಇರಲಿಲ್ಲ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಜೈನರ ಪದ್ಧತಿ ನೋಡಿ, ಹೊತ್ತಿನ ಲೆಕ್ಕದಲ್ಲಿ ಅದು ನಿಮ್ಮ 16:8ಗಿಂತ ಜಾಣತನದ್ದು. ಏಕಾದಶಿಯ ಹೆಸರಲ್ಲಿ ಸಬ್ಬಕ್ಕಿ ವಡೆ, ಒಗ್ಗರಣೆ ಅವಲಕ್ಕಿ, ಗೋಡಂಬಿ ಪಾಯಸ ಹೊಡೆಯುವ ನಮ್ಮ ಮನೆಯ ಉಪವಾಸದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಹಾಗಾದರೆ ಏನು ಮಾಡಬಹುದು? ನಾನು ನಿಮ್ಮ ಜಾಗದಲ್ಲಿದ್ದರೆ 16:8 ಬಿಟ್ಟು ಹನ್ನೆರಡು ಗಂಟೆಯ ಉಪವಾಸಕ್ಕೆ ಇಳಿಯುತ್ತೇನೆ. ಬೆಳಗ್ಗೆ ಎಂಟಕ್ಕೆ ತಿಂಡಿ, ಸಂಜೆ ಏಳೂವರೆಯೊಳಗೆ ಕೊನೆಯ ಊಟ. ಹೇಳುವುದು ಸುಲಭ, ನೀವು ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವುದೇ ಎಂಟೂವರೆಗೆ ಅಂತ ಗೊತ್ತು. ಅದಕ್ಕೆ ಎರಡು ಡಬ್ಬಿ ಒಯ್ಯಿರಿ. ಎರಡನೆಯದನ್ನು ಸಂಜೆ ಐದಕ್ಕೆ, ಕ್ಯಾಬ್ ಹತ್ತುವ ಮೊದಲು, ಆಫೀಸಿನಲ್ಲೇ ಬಿಚ್ಚಿ. ಚಪಾತಿ, ಕಾಳುಪಲ್ಯ, ಒಂದು ಡಬ್ಬಿ ಮೊಸರು. ಬಜ್ಜಿಯ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಅಥವಾ ತಿಳಿಸಾರು, ಅಷ್ಟೇ.

ಇದಕ್ಕೂ ಒಂದು ಬೆಲೆ ಇದೆ. ದಿನದಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂರುವುದು ರಾತ್ರಿ ಊಟಕ್ಕೇ. ನನ್ನ ಸಲಹೆ ಕೇಳಿದ ಹಲವರು ಇದನ್ನು ಬಿಟ್ಟುಬಿಟ್ಟಿದ್ದು ಹಸಿವಿನಿಂದಲ್ಲ, ತಟ್ಟೆ ಇಲ್ಲದೆ ಕೂರುವ ಬೇಜಾರಿಗೆ. ಸಾರಿನ ಲೋಟ ಹಿಡಿದು ಕೂರಿ. ವಾರಾಂತ್ಯ ಎಲ್ಲರೂ ಏಳೂವರೆಗೇ ಉಣ್ಣಿ.

ಎದೆ ಉರಿ ನಿಂತು, ರಕ್ತ ಪರೀಕ್ಷೆ ಸರಿ ಬಂದರೆ ಆಮೇಲೆ ಹದಿನಾಲ್ಕು ಗಂಟೆಗೆ ಹೋಗಬಹುದು, ಬೆಳಗ್ಗೆ ಒಂಬತ್ತರಿಂದ ಸಂಜೆ ಏಳು. ವಾರಕ್ಕೆ ಎರಡು ದಿನ 500-600 ಕ್ಯಾಲೊರಿಗೆ ಇಳಿಸುವ 5:2 ಕ್ರಮವೂ ಇದೆ. ಕೆಲವರಿಗೆ ಒಗ್ಗುತ್ತದೆ. ನಿಮ್ಮ ಆ್ಯಸಿಡಿಟಿ, ನಿಮ್ಮ ಸಂಜೆಯ ಹಸಿವು ನೋಡಿದರೆ ನಿಮಗೆ ಬೇಡ. ಯಾವ ವಿಧಾನದಲ್ಲೇ ಆಗಲಿ, ತೂಕ ತುಂಬ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ. ಹಾಲುಣಿಸುವವರು, ಹದಿನೆಂಟರೊಳಗಿನವರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಹಿಂದೆ ಊಟ ಬಿಡುವ ಅಥವಾ ಮಿತಿಮೀರಿ ತಿನ್ನುವ ಕಾಯಿಲೆಯಿಂದ ನರಳಿದವರು ಇದರ ತಂಟೆಗೇ ಹೋಗಬಾರದು.

ಗಂಟೆಗಿಂತ ತಟ್ಟೆಯ ಬಗ್ಗೆ ನನಗೆ ಜಾಸ್ತಿ ಯೋಚನೆ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅನ್ನುವುದು ನಮ್ಮ ದೇಶದ ಶಿಫಾರಸು. ನಿಮಗೆ ಸುಮಾರು 58 ಗ್ರಾಂ. ಉಪ್ಪಿಟ್ಟು, ಅನ್ನ-ಸಾರು, ಬಜ್ಜಿಯ ದಿನದಲ್ಲಿ ಇದರ ಅರ್ಧ ಬಂದರೆ ಹೆಚ್ಚು. ಒಂದು ಬಟ್ಟಲು ಬೇಳೆಯಲ್ಲಿ 6-7 ಗ್ರಾಂ, ಒಂದು ಲೋಟ ಹಾಲಲ್ಲೂ ಅಷ್ಟೇ, ನೂರು ಗ್ರಾಂ ಪನೀರ್‌ನಲ್ಲಿ 18ರ ಆಸುಪಾಸು. ಬೆಳಗ್ಗೆ ಪೆಸರಟ್ಟು ಅಥವಾ ಇಡ್ಲಿ ಜೊತೆ ಗಟ್ಟಿ ಸಾಂಬಾರು, ಮಧ್ಯಾಹ್ನ ಹೆಸರುಕಾಳು ಉಸ್ಲಿ, ಅವರೆ ಕಾಲದಲ್ಲಿ ಅವರೆಕಾಳು, ಮನೆಯಲ್ಲಿ ಇದ್ದ ದಿನ ಮುದ್ದೆ-ಬಸ್ಸಾರು. ಊಟವಾದ ಮೇಲೆ ಹದಿನೈದು ನಿಮಿಷ ಕ್ಯಾಂಪಸ್‌ನಲ್ಲಿ ನಡೆಯಿರಿ.

ನಿಮ್ಮ ಬಿಎಂಐ 29ರ ಹತ್ತಿರ ಇತ್ತು. ನಮ್ಮವರಿಗೆ 25 ದಾಟಿದರೇ ಬೊಜ್ಜು. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಅಂಚು, ಅಮ್ಮನಿಗೆ ಬೇರೆ ಇದೆ. ಆದ್ದರಿಂದ ತೂಕ ಇಳಿಸುವ ನಿಮ್ಮ ಆಸೆ ಸರಿಯಾದದ್ದೇ. 2002ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ 7% ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಹಾಕಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಗಿತ್ತು. ನಿಮ್ಮ ಲೆಕ್ಕದಲ್ಲಿ ಅದು 5 ಕೆ.ಜಿ. ಆರು ತಿಂಗಳು ತೆಗೆದುಕೊಳ್ಳಿ.

ಮೂರು ವಾರ ಒಂದು ಚೀಟಿಯಲ್ಲಿ ಬರೆದಿಡಿ: ಕೊನೆಯ ತುತ್ತು ಎಷ್ಟು ಹೊತ್ತಿಗೆ, ಮಲಗಿದ್ದು ಎಷ್ಟಕ್ಕೆ, ಎದೆ ಉರಿ ಇತ್ತೋ ಇಲ್ಲವೋ. ತೂಕ ವಾರಕ್ಕೊಮ್ಮೆ ಸಾಕು. ಮ್ಯಾನೇಜರ್ ಹತ್ತಿರ ಕಾಲ್‌ಗಳನ್ನು ವಾರದಲ್ಲಿ ಮೂರು ದಿನಕ್ಕಾದರೂ ಇಳಿಸಲು ಕೇಳಿ ನೋಡಿ. ಹೊಸ ರಿಪೋರ್ಟುಗಳ ಜೊತೆ ಬರೆಯಿರಿ. ಅಮ್ಮನ ಮಾತ್ರೆ ಸ್ಟ್ರಿಪ್‌ನ ಫೋಟೊ ಮಾತ್ರ ಮೂರು ವಾರ ಕಾಯುವುದು ಬೇಡ, ಇವತ್ತೇ ಅವರ ಡಾಕ್ಟರಿಗೆ ಹೋಗಲಿ.